ಟೊಪ್ಕಾನ್, ಮಿರಾಂಡ, ಪೆಟ್ರಿ, ಕೋವಾ: ಹೆಸರು ಓಡದ ಜಪಾನಿ ಫಿಲ್ಮ್ ಕ್ಯಾಮೆರಾಗಳಲ್ಲಿ ಯಾವುದು ಗಟ್ಟಿ?

ಮೊದಲ ರೀಲ್

ಎಲ್ಲರಿಗೂ ನಮಸ್ಕಾರ. ನನಗೊಂದು 35 ಎಂಎಂ ಫಿಲ್ಮ್ ಕ್ಯಾಮೆರಾ ಬೇಕು. ನಿಕಾನ್ ಎಫ್‌ಎಂ2, ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1 ಇವುಗಳ ಬೆಲೆ ಕೇಳಿದರೆ ಸುಮ್ನೆ ಮನೆಗೆ ವಾಪಸ್ ಬಂದುಬಿಡೋಣ ಅನ್ನಿಸುತ್ತದೆ. ಅದಕ್ಕೆ ಅಷ್ಟಾಗಿ ಹೆಸರು ಓಡದ ಜಪಾನಿ ಕ್ಯಾಮೆರಾಗಳನ್ನು ನೋಡುತ್ತಿದ್ದೇನೆ. ಸದ್ಯಕ್ಕೆ ಕಣ್ಣಿಗೆ ಬಿದ್ದಿರುವುದು ಪೆಟ್ರಿ ವಿ6, ಮಿರಾಂಡ ಸೆನ್ಸೊರೆಕ್ಸ್, ಕೋವಾ ಎಸ್‌ಇ, ಟೊಪ್ಕಾನ್ ಆರ್‌ಇ ಸೂಪರ್, ಕೋನಿಕಾ ಆಟೊರಿಫ್ಲೆಕ್ಸ್ ಟಿ, ರಿಕೋ ಸಿಂಗ್ಲೆಕ್ಸ್ ಟಿಎಲ್‌ಎಸ್.

ಲೆನ್ಸ್ ಶಾರ್ಪಾ, ಬೊಕೆ ಚೆನ್ನಾಗಿದೆಯಾ ಅನ್ನುವುದೆಲ್ಲ ಆಮೇಲೆ. ಮೆಕ್ಯಾನಿಕಲ್ ಆಗಿ ಯಾವುದನ್ನು ನಂಬಬಹುದು? ತಗೊಂಡ ಮೇಲೆ ರಿಪೇರಿಗೆ ಅಂತ ಅಲೆಯುವ ಹಾಗಾಗಬಾರದು.

ಗುಜರಿ ಕಣ್ಣು

ಪೆಟ್ರಿ ಎಸ್‌ಎಲ್‌ಆರ್ (ಒಳಗಿನ ಕನ್ನಡಿಯಿಂದ ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾ) ಬಿಟ್ಟು ಯಾವುದಾದರೂ ತಗೊಳ್ಳಿ. ಕಾರಣ ಮಾಮ ಬಂದು ಹೇಳುತ್ತಾರೆ.

ಸ್ಕ್ರೂ ಮಾಮ

ಬಂದೆ ಬಂದೆ.

ಕಂಪನಿ ಹೆಸರು ಹಿಡಿದು ಗಟ್ಟಿತನ ಅಳೆಯಲು ಹೋಗಬೇಡಿ. ಒಳಗೆ ಯಾವ ಶಟರ್, ಅಂದರೆ ಫಿಲ್ಮಿಗೆ ಬೆಳಕು ಬಿಟ್ಟು ಮುಚ್ಚುವ ಬಾಗಿಲು, ಕೂತಿದೆ ಅಂತ ಕೇಳಿ. 1950-60ರ ದಶಕದ ಜಪಾನಿನಲ್ಲಿ ಕ್ಯಾಮೆರಾಕ್ಕೆ ಹೆಸರು ಹಾಕಿಕೊಂಡ ಕಂಪನಿಗಳು ಲೆಕ್ಕವಿಲ್ಲದಷ್ಟು ಇದ್ದವು. ಆದರೆ ಶಟರ್ ಮಾಡಿ ಎಲ್ಲರಿಗೂ ಮಾರುತ್ತಿದ್ದವರು ಕೆಲವೇ ಜನ. ಕೋಪಾಲ್, ಸೀಕೋಶಾ, ಸಿಟಿಜನ್. ಹೌದು, ಕೈಗೆ ಕಟ್ಟುವ ವಾಚಿನ ಅದೇ ಸೀಕೋ, ಅದೇ ಸಿಟಿಜನ್. ಹಲ್ಲುಚಕ್ರ, ಸ್ಪ್ರಿಂಗ್ ಗೊತ್ತಿದ್ದವರೇ ಶಟರನ್ನೂ ಮಾಡಿದರು.

ಇದರಲ್ಲಿ ಕೋಪಾಲ್ ಸ್ಕ್ವೇರ್ ಅನ್ನುವ ಶಟರ್ ನಿಮ್ಮ ಪ್ರಶ್ನೆಗೆ ಮುಖ್ಯ. 1960ರ ದಶಕದ ಶುರುವಿನಲ್ಲಿ ಬಂದದ್ದು. ಇಡೀ ಶಟರನ್ನು ಒಂದೇ ಘಟಕವಾಗಿ ಜೋಡಿಸಿ ಮಾರುತ್ತಿದ್ದರು. ಕ್ಯಾಮೆರಾ ಕಂಪನಿಯವರು ತಮ್ಮ ಬಾಡಿಯೊಳಗೆ ಕೂರಿಸಿಕೊಂಡರೆ ಆಯಿತು. ಬಟ್ಟೆ ಪರದೆ ಇಲ್ಲ, ಲೋಹದ ತಗಡುಗಳು ಲಂಬವಾಗಿ ಓಡುತ್ತವೆ. ಫ್ರೇಮಿನ ಅಗಲ 36 ಮಿ.ಮೀ., ಎತ್ತರ 24 ಮಿ.ಮೀ. ಬಟ್ಟೆ ಶಟರ್ ಅಡ್ಡಕ್ಕೆ 36 ಓಡಬೇಕು, ಇದು 24 ಓಡಿದರೆ ಸಾಕು. ಅದಕ್ಕೇ ಇದರಲ್ಲಿ ಫ್ಲ್ಯಾಶ್ 1/125 ಸೆಕೆಂಡಿನಲ್ಲೇ ಸಿಂಕ್ ಆಗುತ್ತದೆ (ಶಟರಿನ ಜೊತೆ ಹೊಂದುತ್ತದೆ), ಬಟ್ಟೆಯದರಲ್ಲಿ ಸಾಮಾನ್ಯವಾಗಿ 1/60.

1965ರ ನಿಕ್ಕೊರ್ಮ್ಯಾಟ್ ಎಫ್‌ಟಿ ಇದೆಯಲ್ಲ, ಸುತ್ತಿಗೆ ತರ ಇದೆ ಅಂತ ಎಲ್ಲರೂ ಹೊಗಳುವುದು, ಅದರೊಳಗಿರುವುದು ಕೋಪಾಲ್ ಸ್ಕ್ವೇರ್. ಕೋನಿಕಾ ಆಟೊರಿಫ್ಲೆಕ್ಸ್ ಟಿ ಒಳಗೂ ಅದೇ ಕುಟುಂಬದ್ದು. ರಿಕೋ ಸಿಂಗ್ಲೆಕ್ಸ್ ಟಿಎಲ್‌ಎಸ್ ಒಳಗೂ ಅದೇ. ನಿಕಾನ್ ಅಂತ ಬರೆದಿದ್ದಕ್ಕೆ ಒಂದು ಬೆಲೆ, ರಿಕೋ ಅಂತ ಬರೆದಿದ್ದಕ್ಕೆ ಇನ್ನೊಂದು ಬೆಲೆ. ಹೃದಯ ಒಂದೇ.

ನಿಮ್ಮ ಪಟ್ಟಿಯಲ್ಲಿ ನಾನು ಮೊದಲು ಎತ್ತಿಕೊಳ್ಳುವುದು ಕೋನಿಕಾ ಅಥವಾ ರಿಕೋ. ಟೊಪ್ಕಾನ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದೂ ಸರಿ. ಕೋವಾ ಎಸ್‌ಇ ಕಪಾಟಿನಲ್ಲಿಟ್ಟು ನೋಡಲು ಚೆಂದ. ಪೆಟ್ರಿ ವಿ6 ಬಗ್ಗೆ ಗುಜರಿ ಕಣ್ಣು ಹೇಳಿದ್ದೇ ನನ್ನ ಮಾತೂ.

ಹಸಿರು ಗಾಜು

ಪೆಟ್ರಿ ಹೆಸರು ಬಂದ ಕೂಡಲೇ ಎಲ್ಲರೂ ಕಲ್ಲು ಎತ್ತಿಕೊಳ್ಳುತ್ತೀರಿ. ಅವರ ರೇಂಜ್‌ಫೈಂಡರ್ (ಲೆನ್ಸಿನಿಂದಲ್ಲ, ಬೇರೆ ಕಿಟಕಿಯಿಂದ ನೋಡಿ ಫೋಕಸ್ ಮಾಡುವ ಕ್ಯಾಮೆರಾ) ಯಾರಾದರೂ ಕೈಯಲ್ಲಿ ಹಿಡಿದಿದ್ದೀರಾ? ಪೆಟ್ರಿ 7ಎಸ್ ನೋಡಿ. ಲೆನ್ಸಿನ ಸುತ್ತ ಬಳೆಯ ಹಾಗೆ ಬೆಳಕು ಅಳೆಯುವ ಸೆಲೇನಿಯಂ ಮೀಟರ್. ಸೆಲ್ಲೇ ಬೇಡ. ವ್ಯೂಫೈಂಡರ್ ಗಾಜಿಗೆ ಹಸಿರು ಛಾಯೆ, ನಡುವಿನ ಹಳದಿ ಚುಕ್ಕೆ ಎದ್ದು ಕಾಣುತ್ತದೆ. ಅದಕ್ಕೆ ಗ್ರೀನ್-ಒ-ಮ್ಯಾಟಿಕ್ ಅಂತ ಹೆಸರಿಟ್ಟು ಮೇಲೆ ಅಚ್ಚು ಬೇರೆ ಹಾಕಿದ್ದಾರೆ. ಎಲ್ಲ ಲೋಹ. ಬೆಲೆಯೂ ಕಡಿಮೆ.

ಕುರಿಬಯಾಶಿ ಅಂತ 1907ರಲ್ಲಿ ಶುರುವಾದ ಕಂಪನಿ ಅದು. ಜಪಾನಿನ ಹಳೇ ಕ್ಯಾಮೆರಾ ಮನೆತನಗಳಲ್ಲಿ ಒಂದು. ಸುಮ್ನೆ ತೆಗೆದುಹಾಕಬೇಡಿ.

ಸ್ಕ್ರೂ ಮಾಮ

ಹಸಿರು ಗಾಜು, ನೀವು ಹೇಳಿದ್ದು ಸರಿ. 7ಎಸ್ ಬೇರೆ, ವಿ6 ಬೇರೆ. ರೇಂಜ್‌ಫೈಂಡರಿನಲ್ಲಿ ಕನ್ನಡಿ ಎತ್ತುವ ಕೆಲಸವಿಲ್ಲ, ಒಳಗೆ ಕೀಲುಗಳು ಕಡಿಮೆ. ಹಾಗಾಗಿ ಅವರ ರೇಂಜ್‌ಫೈಂಡರ್ ಬಾಳಿಕೆ ಬಂತು. ಎಸ್‌ಎಲ್‌ಆರ್ ಮಾಡುವಾಗ ಬೆಲೆ ಇಳಿಸಲು ಹೊರಟರು. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆಯುವಾಗಲೇ ಗೊತ್ತಾಗುತ್ತದೆ, ಒರಟೊರಟು. ಜಾಮ್ ಆದರೆ ಬಿಡಿಭಾಗಕ್ಕೆ ಇನ್ನೊಂದು ಪೆಟ್ರಿಯನ್ನೇ ಬಿಚ್ಚಬೇಕು. ಕಂಪನಿ 1977ರಲ್ಲಿ ದಿವಾಳಿಯಾಯಿತು.

7ಎಸ್‌ನಲ್ಲೂ ಒಂದು ತೊಂದರೆ ಸಾಮಾನ್ಯ. ಬಟನ್ ಒತ್ತಿದರೆ ಕ್ಲಿಕ್ ಅನ್ನುತ್ತದೆ, ಆದರೆ ಲೆನ್ಸಿನೊಳಗಿನ ಶಟರ್ ಎಲೆಗಳು ಅಲುಗುವುದಿಲ್ಲ. ಇದು ಪೆಟ್ರಿಯ ರೋಗ ಮಾತ್ರ ಅಲ್ಲ, ಆ ಕಾಲದ ಎಲ್ಲ ಎಲೆ ಶಟರುಗಳಿಗೂ ಬರುತ್ತದೆ. ಫೋಕಸ್ ಸುರುಳಿಗೆ ಹಾಕಿದ ಗ್ರೀಸು ವರ್ಷಗಟ್ಟಲೆ ಕೂತು ಎಣ್ಣೆ ಬಿಡುತ್ತದೆ. ಆ ಎಣ್ಣೆ ಹರಿದು ಎಲೆಗಳ ಮೇಲೆ ಬರುತ್ತದೆ. ಕೂದಲಿಗಿಂತ ತೆಳು ಪದರ ಸಾಕು, ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಈ ಎಲೆಗಳು ಒಣಗಿಯೇ ಇರಬೇಕು. ಅವಕ್ಕೆ ಎಣ್ಣೆ ಶತ್ರು.

ಆದರೆ ನಮ್ಮವರು ಏನು ಮಾಡುತ್ತಾರೆ? ಓಡುತ್ತಿಲ್ಲವಾ, ಹಾಕು ಎರಡು ತೊಟ್ಟು ಹೊಲಿಗೆ ಮಿಷನ್ ಎಣ್ಣೆ! ಆ ದಿನ ಓಡುತ್ತದೆ. ಆಮೇಲೆ ಪೂರಾ ಕೂತುಬಿಡುತ್ತದೆ. ಹೀಗೆ ಎಣ್ಣೆ ಕುಡಿದು ಬಂದ ಶಟರುಗಳನ್ನು ತೊಳೆಯುವುದೇ ನನಗೆ ಭಾನುವಾರದ ಕೆಲಸ.

ಮೊದಲ ರೀಲ್

ಮಾಮ, ಎಲೆ ಶಟರ್ ತೊಳೆಯುವುದು ಹೇಗೆ? ಮನೆಯಲ್ಲಿ ಆಗುತ್ತಾ? ಮತ್ತೆ ಕೋವಾ ಯಾಕೆ ಬೇಡ ಅಂದಿರಿ? ನೋಡಲು ತುಂಬಾ ಚೆನ್ನಾಗಿದೆ.

ಸ್ಕ್ರೂ ಮಾಮ

ಕೋವಾ ಮೊದಲು ಹೇಳುತ್ತೇನೆ. ಎಸ್‌ಇ ಒಂದು ಎಸ್‌ಎಲ್‌ಆರ್. ಆದರೆ ಫಿಲ್ಮಿನ ಮುಂದೆ ಪರದೆ ಶಟರ್ ಇಲ್ಲ, ಲೆನ್ಸಿನ ಹತ್ತಿರ ಎಲೆ ಶಟರ್ ಇದೆ. ಈಗ ಯೋಚಿಸಿ. ನೀವು ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡಬೇಕು. ಅಂದರೆ ನೋಡುವಾಗ ಶಟರ್ ತೆರೆದೇ ಇರಬೇಕು. ಬಟನ್ ಒತ್ತಿದಾಗ ಅದು ಮೊದಲು ಮುಚ್ಚಬೇಕು. ಅಪರ್ಚರ್ (ಲೆನ್ಸಿನ ಬೆಳಕಿನ ತೂತು) ಕಿರಿದಾಗಬೇಕು. ಕನ್ನಡಿ ಮೇಲೇಳಬೇಕು. ಫಿಲ್ಮಿನ ಮುಂದಿನ ತಡೆ ಸರಿಯಬೇಕು. ಇಷ್ಟೆಲ್ಲ ಆದ ಮೇಲೆ ಶಟರ್ ತೆರೆದು ಮುಚ್ಚಬೇಕು. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಸಾಲಾಗಿ ನಡೆಯಬೇಕು, ಎಲ್ಲ ಸ್ಪ್ರಿಂಗ್ ಮತ್ತು ಲಿವರಿನ ಬಲದಲ್ಲಿ. ಗ್ರೀಸು ಒಂದು ಕಡೆ ಗಟ್ಟಿಯಾದರೂ ಸಾಲು ತಪ್ಪುತ್ತದೆ, ಕ್ಯಾಮೆರಾ ನಡುವೆ ನಿಂತುಬಿಡುತ್ತದೆ.

ಇದು ಕೋವಾ ಒಬ್ಬರ ತಪ್ಪಲ್ಲ. ಸಾಕ್ಷಾತ್ ನಿಕಾನ್ ಕಂಪನಿ 1960ರಲ್ಲಿ ನಿಕ್ಕೊರೆಕ್ಸ್ 35 ಅಂತ ಇದೇ ತರದ್ದು ತಂದು ಕೈ ಸುಟ್ಟುಕೊಂಡಿತು. ಮೊದಲು ಸಿಟಿಜನ್ ಶಟರ್ ಹಾಕಿದ್ದರು, ಮುಂದಿನ ಮಾಡೆಲ್ಲಿಗೆ ಸೀಕೋಶಾ ಹಾಕಿದರು. ಹೆಸರು ನಂಬಬೇಡಿ ಅಂತ ನಾನು ಹೇಳುವುದು ಇದಕ್ಕೇ. ನಿಕಾನ್ ಅಂತ ಬರೆದಿದ್ದರೂ ಎಲೆ ಶಟರಿನ ಎಸ್‌ಎಲ್‌ಆರ್ ಆದರೆ ನಾನು ದೂರ.

ಕೋವಾದವರ ದೊಡ್ಡ ಕ್ಯಾಮೆರಾ, 1968ರ ಕೋವಾ ಸಿಕ್ಸ್, ಅದೂ ಹೀಗೆಯೇ. ಲೆನ್ಸ್ ಬಹಳ ಒಳ್ಳೆಯದು, ಆದರೆ ಒಳಗಿನ ಹಲ್ಲುಚಕ್ರ ನಾಜೂಕು. ಬಳಸುವವರು ನಿಧಾನಕ್ಕೆ, ಪೂರ್ತಿ ಕೊನೆವರೆಗೂ ತಿರುಗಿಸುತ್ತಾರೆ. ಅವಸರದ ಕೈಗೆ ಅದು ಆಗುವುದಿಲ್ಲ. ಅಂದಹಾಗೆ ಕೋವಾ ಕಂಪನಿ ಈಗಲೂ ಇದೆ, ನಗೋಯಾದಲ್ಲಿ. ಔಷಧಿ ಮಾಡುತ್ತಾರೆ.

ತೊಳೆಯುವ ವಿಷಯ. ಲೆನ್ಸಿನ ಮುಂದಿನ ಗಾಜು ಬಿಚ್ಚಿ ಎಲೆ ಕಾಣುವ ಹಾಗೆ ಮಾಡಿಕೊಳ್ಳಬೇಕು. ಲೈಟರಿಗೆ ಹಾಕುವ ಶುದ್ಧ ನ್ಯಾಫ್ತಾ ಹತ್ತಿಕಡ್ಡಿಯಲ್ಲಿ ಸ್ವಲ್ಪ ತಗೊಂಡು ಎಲೆಗೆ ಸವರಿ, ಶಟರ್ ಹೊಡೆದು, ಒಣ ಕಡ್ಡಿಯಲ್ಲಿ ಒರೆಸಿ. ಕಡ್ಡಿಗೆ ಕಪ್ಪು ಬರುವುದು ನಿಲ್ಲುವವರೆಗೆ ಮತ್ತೆ ಮತ್ತೆ. ಸುರಿದು ಬಿಟ್ಟರೆ ಕೆಲಸವಾಗಲ್ಲ. ನ್ಯಾಫ್ತಾ ಆರಿಹೋಗುತ್ತದೆ, ಕರಗಿದ ಎಣ್ಣೆ ಅಲ್ಲೇ ಉಳಿದು ಮತ್ತೆ ಎಲೆ ಮೇಲೆ ಕೂರುತ್ತದೆ. ಒರೆಸುವುದೇ ಅಸಲಿ ಕೆಲಸ. ಕಿಟಕಿ ತೆಗೆದಿಟ್ಟು ಮಾಡಿ, ಒಲೆ ಹತ್ತಿರ ಬೇಡ.

ಬಟ್ಟೆ ಪರದೆ

ಮಾಮ ಕೋಪಾಲ್ ಭಕ್ತರು ಅಂತ ಎಲ್ಲರಿಗೂ ಗೊತ್ತು. ಆದರೆ ಬಟ್ಟೆ ಶಟರನ್ನು ಹೀಗೆ ಬದಿಗೆ ತಳ್ಳಬಾರದು ಸರ್.

ಟೊಪ್ಕಾನ್ ಆರ್‌ಇ ಸೂಪರ್ ತಗೊಳ್ಳಿ. 1963. ಟೋಕಿಯೊ ಕೊಗಾಕು ಮಾಡಿದ್ದು. ಲೆನ್ಸ್ ಪೂರ್ತಿ ತೆರೆದಿರುವಾಗಲೇ, ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದ ಜಗತ್ತಿನ ಮೊದಲ ಎಸ್‌ಎಲ್‌ಆರ್ ಅದು. ಮೀಟರಿನ ಕಣ್ಣನ್ನು ಕನ್ನಡಿಯ ಹಿಂದೆಯೇ ಇಟ್ಟರು. ಕನ್ನಡಿಗೆ ಸಣ್ಣ ಸೀಳುಗಳನ್ನು ಕೊಟ್ಟು ಅದರ ಮೂಲಕ ಬೆಳಕು ಹಾಯುವ ಹಾಗೆ ಮಾಡಿದರು. ಆ ಹೊತ್ತಿಗೆ ನಿಕಾನ್ ಎಫ್‌ಗೆ ಇಂಥದ್ದು ಇರಲಿಲ್ಲ. ಅಮೆರಿಕದ ನೌಕಾಪಡೆ ಇದೇ ಕ್ಯಾಮೆರಾ ತಗೊಂಡು ವರ್ಷಗಟ್ಟಲೆ ಬಳಸಿತು. ಅಲ್ಲಿ ಬೆಸೆಲರ್ ಟೊಪ್ಕಾನ್ ಸೂಪರ್ ಡಿ ಅಂತ ಮಾರುತ್ತಿದ್ದರು. ಒಳಗಿರುವುದು ಬಟ್ಟೆ ಪರದೆಯೇ. ಉಪ್ಪುಗಾಳಿಯಲ್ಲಿ, ಹಡಗಿನ ಮೇಲೆ ಓಡಿದ್ದು ಅದೇ.

ಮಿರಾಂಡ ಬಗ್ಗೆ ಯಾರೂ ಮಾತೇ ಎತ್ತಿಲ್ಲ. 1955ರ ಮಿರಾಂಡ ಟಿ ಜಪಾನಿನ ಮೊದಲ ಪೆಂಟಾಪ್ರಿಸಂ (ಚಿತ್ರವನ್ನು ಕಣ್ಣಿಗೆ ನೇರವಾಗಿ ತೋರಿಸುವ ಮೇಲಿನ ಗಾಜು) ಎಸ್‌ಎಲ್‌ಆರ್. ನಿಕಾನ್‌ಗಿಂತ, ಕ್ಯಾನನ್‌ಗಿಂತ ಮುಂಚೆ! ಪ್ರಿಸಂ ಕಳಚಿ ಮೇಲಿಂದ ನೋಡಬಹುದು. ಕಂಪನಿ 1976ರಲ್ಲಿ ಮುಚ್ಚಿತು ಅಂತ ಕ್ಯಾಮೆರಾನೂ ಕೆಟ್ಟದಾ?

ಸ್ಕ್ರೂ ಮಾಮ

ಟೊಪ್ಕಾನ್ ಕೆಟ್ಟದು ಅಂತ ನಾನೆಲ್ಲಿ ಹೇಳಿದೆ ಮಾರಾಯ? ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅಂದೆ. ನೌಕಾಪಡೆ ಬಳಸಿದಾಗ ಆ ಕ್ಯಾಮೆರಾ ಹೊಸದು, ಸರ್ವಿಸ್ ಮಾಡಲು ಜನ ಇದ್ದರು. ಈಗ ಅದಕ್ಕೆ ಅರವತ್ತು ವಯಸ್ಸು.

ಬಟ್ಟೆ ಪರದೆ ಅಂದರೆ ರಬ್ಬರ್ ಲೇಪಿಸಿದ ಬಟ್ಟೆ. ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಸೂಜಿಮೊನೆ ತೂತುಗಳಾಗುತ್ತವೆ. ಫೋಟೊದಲ್ಲಿ ಅದೇ ಜಾಗದಲ್ಲಿ ಪ್ರತಿಸಲ ಬಿಳಿ ಚುಕ್ಕೆ ಬರುತ್ತದೆ. ಇನ್ನೊಂದು, ಎರಡು ಪರದೆಗಳು ಒಂದೇ ವೇಗದಲ್ಲಿ ಓಡಬೇಕು. ಹಿಂದಿನದು ಮುಂದಿನದನ್ನು ನಡುದಾರಿಯಲ್ಲಿ ಹಿಡಿದುಬಿಟ್ಟರೆ 1/1000ರಲ್ಲಿ ಅರ್ಧ ಫ್ರೇಮು ಕಪ್ಪು. ಇದೆಲ್ಲ ಸರಿಮಾಡಬಹುದು. ಮಾಡುವ ಕೈ ಬೇಕು ಅಷ್ಟೆ.

ಮಿರಾಂಡ ಬುದ್ಧಿವಂತ ಕ್ಯಾಮೆರಾ, ಒಪ್ಪಿದೆ. ಪ್ರಿಸಂ ಕಳಚಿ ನೋಡಿ. ಅಂಚಿನಲ್ಲಿ ಕಪ್ಪು ಗೆರೆ ಅಥವಾ ಕಂದು ಕಲೆ ಕಂಡರೆ ಬೆಳ್ಳಿ ಲೇಪ ಹೋಗಿದೆ ಅಂತ ಅರ್ಥ. ಫೋಟೊಗೆ ತೊಂದರೆ ಇಲ್ಲ, ಕಣ್ಣಿಗೆ ಕಿರಿಕಿರಿ.

ಸ್ಟುಡಿಯೊ ಅಜ್ಜ

ನೀವೆಲ್ಲ ಹುಡುಗರು ಏನೇನೋ ಹೇಳಾಕತ್ತೀರಿ, ಓದಿ ಖುಷಿ ಆತು. ನಮ್ಮ ಸ್ಟುಡಿಯೊದಾಗ ಇದ್ದದ್ದು ಯಾಶಿಕಾ 635. ಎರಡು ಕಣ್ಣಿನ ಪೆಟ್ಟಿಗಿ ಕ್ಯಾಮೆರಾ. 120 ರೀಲ್ ಹಾಕಬಹುದಿತ್ತು, ಕಿಟ್ ಇದ್ದರೆ 35 ಎಂಎಂ ಕೂಡ. ಪಾಸ್‌ಪೋರ್ಟ್ ಫೋಟೊದಿಂದ ಮದುವಿ ಗ್ರೂಪ್ ಫೋಟೊದ ತನಕ ಎಲ್ಲ ಅದರಾಗ.

ಒಳಗಿನ ಶಟರ್ ಕೋಪಾಲ್ ಎಂಎಕ್ಸ್‌ವಿ. ಮಾಮ ಹೇಳಿದ ಅದೇ ಕಂಪನಿ. ಆದರೆ ಅದು ಬಾಳಿಕೆ ಬಂದದ್ದು ಕಂಪನಿ ಹೆಸರಿಂದಲ್ಲ ನೋಡ್ರಿ, ದಿನಾ ಓಡುತ್ತಿತ್ತು ಅದಕ್ಕೆ. ಓಡಿಸಿದ ಶಟರ್ ಓಡುತ್ತದೆ. ಶೋಕಿಗೆ ತಂದು ಕಪಾಟಿನಾಗ ಇಟ್ಟದ್ದು ಜಾಮ್ ಆಗುತ್ತದೆ. ರಿಪೇರಿಗೆ ಬರುತ್ತಿದ್ದದ್ದು ಹೆಚ್ಚಾಗಿ ಶ್ರೀಮಂತರ ಮನೆ ಕ್ಯಾಮೆರಾ, ಸ್ಟುಡಿಯೊದವರದ್ದಲ್ಲ.

ಎರಡು ಮಾತು ಹೇಳಿ ಮುಗಸ್ತೀನಿ. ಇಂಥ ಶಟರಿನಾಗ 1/500 ಬೇಕಂದ್ರ ಮೊದಲ ಸ್ಪೀಡ್ ಇಟ್ಟು ಆಮೇಲೆ ಲಿವರ್ ಎಳೀಬೇಕು. ಎಳೆದ ಮೇಲೆ 500ಕ್ಕ ತಿರುಗಿಸಬ್ಯಾಡ್ರಿ, ಅಲ್ಲಿ ಹೆಚ್ಚಿನ ಸ್ಪ್ರಿಂಗ್ ಒಂದು ಹಿಡಿಯುತ್ತದೆ. ಎರಡನೇದು, ವಿ ಗುರುತಿನ ಸೆಲ್ಫ್ ಟೈಮರ್. ಅದನ್ನ ಮುಟ್ಟಲೇ ಬ್ಯಾಡ್ರಿ. ಹಳೇ ಕ್ಯಾಮೆರಾದಾಗ ಮೊದಲ ಕೂರುವುದೇ ಆ ಚಕ್ರ, ಜೊತಿಗೆ ಇಡೀ ಶಟರ್ ಹಿಡಕೊಂಡು ಕೂರುತ್ತದೆ.

ಮೊದಲ ರೀಲ್

ಅಜ್ಜಾರ, ನಮಸ್ಕಾರ. ಸೆಲ್ಫ್ ಟೈಮರ್ ಮುಟ್ಟಲ್ಲ.

ಸೆಲ್ ಸತ್ತಿಲ್ಲ

ಇಲ್ಲಿ ಎಲ್ಲರೂ ಮೆಕ್ಯಾನಿಕಲ್ ಅಂದರೆ ಗಟ್ಟಿ, ಎಲೆಕ್ಟ್ರಾನಿಕ್ ಅಂದರೆ ಗೋವಿಂದ ಅಂತ ನಂಬಿಕೊಂಡ ಹಾಗಿದೆ. ಅರ್ಧ ಸತ್ಯ. ಮೆಕ್ಯಾನಿಕಲ್ ಶಟರ್ ಸಾಯುವುದಿಲ್ಲ, ನಿಧಾನಕ್ಕೆ ಸುಳ್ಳು ಹೇಳಲು ಶುರುಮಾಡುತ್ತದೆ. 1/1000 ಅಂತ ಬರೆದಿರುತ್ತದೆ, ಓಡುವುದು 1/400ರಲ್ಲಿ. ನಿಮಗೆ ಗೊತ್ತೇ ಆಗುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಬದುಕಿದ್ದರೆ ಸಮಯ ಸರಿಯಾಗಿ ಕೊಡುತ್ತದೆ, ಸತ್ತರೆ ಪೂರ್ತಿ ಸತ್ತಿತು. ನನಗೆ ಎರಡನೆಯದೇ ಇಷ್ಟ, ಮೋಸ ಇಲ್ಲ.

1966ರ ಯಾಶಿಕಾ ಎಲೆಕ್ಟ್ರೊ 35 ಹೆಸರು ಓಡದ್ದೇನಲ್ಲ, ಆದರೂ ಹೇಳುತ್ತೇನೆ. ಲಿವರ್ ಎಳೆಯುವಾಗ ಒಳಗಿಂದ ಟಕ್ ಅಂತ ಒಂದು ಸದ್ದು ಬರಬೇಕು. ಬಂದರೆ ಚೆನ್ನಾಗಿದೆ. ಬರದಿದ್ದರೆ ಒಳಗಿನ ಒಂದು ಚಿಕ್ಕ ರಬ್ಬರ್ ತುಂಡು ಕರಗಿಹೋಗಿದೆ, ಶಟರ್ ಹೇಳಿದ ಮಾತು ಕೇಳುವುದಿಲ್ಲ. ಉಗುರಿಗಿಂತ ಚಿಕ್ಕ ರಬ್ಬರ್ ಇಡೀ ಎಲೆಕ್ಟ್ರಾನಿಕ್ಸ್ ಹೆಸರು ಕೆಡಿಸಿದೆ! ಸರ್ಕ್ಯೂಟ್ ಚೆನ್ನಾಗಿಯೇ ಇರುತ್ತದೆ.

ಗುಜರಿ ಕಣ್ಣು

ಕೋನಿಕಾ ಎಫ್‌ಎಸ್-1 ಬಗ್ಗೆಯೂ ಹೇಳಿ ಸ್ವಾಮಿ. ಮೋಸ ಇಲ್ಲ ಅಂದಿರಲ್ಲ.

ಸೆಲ್ ಸತ್ತಿಲ್ಲ

ಅದೊಂದು ಬಿಡಿ. 1979. ಫಿಲ್ಮ್ ಎಳೆಯಲು ಒಳಗೇ ಮೋಟರ್ ಇಟ್ಟ ಮೊದಲ ಎಸ್‌ಎಲ್‌ಆರ್. ಲಿವರೇ ಇಲ್ಲ. ಸರ್ಕ್ಯೂಟ್ ಹೋದರೆ ಫಿಲ್ಮೂ ಮುಂದೆ ಹೋಗಲ್ಲ. ಅದನ್ನು ನಾನೂ ಯಾರಿಗೂ ಹೇಳುವುದಿಲ್ಲ. ಒಂದೇ ಕಂಪನಿಯ ಆಟೊರಿಫ್ಲೆಕ್ಸ್ ಟಿ ಗಟ್ಟಿ, ಎಫ್‌ಎಸ್-1 ನಾಜೂಕು. ಮಾಮನ ಮಾತಿಗೆ ಇನ್ನೊಂದು ಸಾಕ್ಷಿ ಅಂತ ಬರೆದುಕೊಳ್ಳಿ.

ನಾಗಾನೊ ನೆಂಟ

ಜಪಾನಿನಿಂದ ಬರೆಯುತ್ತಿದ್ದೇನೆ, ಕೆಲಸ ಇಲ್ಲೇ. ನಾನಿರುವ ನಾಗಾನೊ ಪ್ರಾಂತ್ಯವೇ ಈ ಹೆಸರು ಓಡದ ಕ್ಯಾಮೆರಾಗಳ ತವರು ಅನ್ನಬಹುದು. ಯಾಶಿಕಾ ಹುಟ್ಟಿದ್ದು ಸುವಾ ಸರೋವರದ ಕಡೆ. ಚಿನೋನ್ ಕೂಡ ಆ ಸುವಾ ಕಡೆಯದೇ. ಕೊಸಿನಾ ನಕಾನೊದಲ್ಲಿ.

ಕೊಸಿನಾ ಕಥೆ ಈ ಚರ್ಚೆಗೆ ಹೇಳಿಮಾಡಿಸಿದ್ದು. ಅವರ ಸಿಟಿ-1 ಅನ್ನುವ ಸಾದಾ ಎಸ್‌ಎಲ್‌ಆರ್ ಚೌಕಟ್ಟು ಎಷ್ಟೊಂದು ಹೆಸರು ಹೊತ್ತು ತಿರುಗಿತು ನೋಡಿ. ನಿಕಾನ್ ಎಫ್‌ಎಂ10, ಒಲಿಂಪಸ್ ಓಎಂ-2000, ಕ್ಯಾನನ್ ಟಿ60. ಎಲ್ಲ ಕೊಸಿನಾ ಕಾರ್ಖಾನೆಯಲ್ಲಿ ತಯಾರಾದವು. ಬೆಂಗಳೂರಿನಲ್ಲಿ ಫೋಟೊಗ್ರಫಿ ಓದಿದ ಎಷ್ಟೋ ಜನ ಎಫ್‌ಎಂ10 ಹಿಡಿದೇ ಕಲಿತವರು. ಕೊಸಿನಾ ಅಂತ ಬರೆದಿದ್ದರೆ ಮೂಗು ಮುರಿಯುತ್ತಿದ್ದರು, ಅಲ್ವಾ? ಮೇಲ್ಭಾಗ ಪ್ಲಾಸ್ಟಿಕ್, ತೂಕ ಕಡಿಮೆ, ಆದರೆ ಶಟರ್ ಲೋಹದ್ದು, ಪೂರ್ತಿ ಮೆಕ್ಯಾನಿಕಲ್. ಸೆಲ್ ಬೇಕಾಗಿರುವುದು ಮೀಟರಿಗೆ ಮಾತ್ರ.

ಇನ್ನೊಂದು. ಹಳೇ ಕ್ಯಾಮೆರಾ ಮೇಲೆ ಚಿನ್ನದ ಬಣ್ಣದ ಮೊಟ್ಟೆಯಾಕಾರದ ಚಿಕ್ಕ ಸ್ಟಿಕರ್ ಕಂಡಿರುತ್ತೀರಿ, ಪಾಸ್ಡ್ ಅಂತ ಬರೆದದ್ದು. ಮಾರುವವರು ಅದನ್ನು ತೋರಿಸಿ ಜಾಸ್ತಿ ದುಡ್ಡು ಕೇಳುತ್ತಾರೆ. ಅದು ಜೆಸಿಐಐ ಅನ್ನುವ ತಪಾಸಣೆ ಸಂಸ್ಥೆಯದು. 1954ರಲ್ಲಿ ಶುರುವಾಯಿತು. ಯುದ್ಧದ ನಂತರ ಜಪಾನಿ ಸರಕು ಅಂದರೆ ಅಗ್ಗದ ಮಾಲು ಅನ್ನುವ ಮಾತಿತ್ತು. ಅದನ್ನು ಅಳಿಸಲು ರಫ್ತಾಗುವ ಕ್ಯಾಮೆರಾಗಳನ್ನು ಪರೀಕ್ಷೆ ಮಾಡಿಯೇ ಕಳಿಸುತ್ತಿದ್ದರು. ಸ್ಟಿಕರ್ ಇದ್ದರೆ ಅಂದು ಸರಿ ಇತ್ತು ಅಂತ ಮಾತ್ರ ಅರ್ಥ. ಪೆಟ್ರಿಗೂ ಅದೇ ಸ್ಟಿಕರ್, ನಿಕಾನ್‌ಗೂ ಅದೇ. ಟೋಕಿಯೊಗೆ ಬಂದರೆ ಹಾನ್ಜೋಮೊನ್ ಸ್ಟೇಷನ್ ಹತ್ತಿರ ಅವರ ಕ್ಯಾಮೆರಾ ಮ್ಯೂಸಿಯಂ ಇದೆ, ನೋಡಿಕೊಂಡು ಹೋಗಿ.

ಇಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ 'ಜಂಕ್' ಅಂತ ಒಂದು ನೀಲಿ ಬುಟ್ಟಿ ಇರುತ್ತದೆ. ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ. ಅದರಲ್ಲಿ ರಿಕೋ, ಚಿನೋನ್, ಫುಜಿಕಾ ಬಿದ್ದಿರುತ್ತವೆ. ಎಷ್ಟೋ ಸಲ ಸೆಲ್ ಹಾಕಿ ನೋಡದೆಯೇ ಬುಟ್ಟಿಗೆ ಹಾಕಿರುತ್ತಾರೆ. ಆನ್‌ಲೈನಿನಲ್ಲಿ ಜಂಕ್ ಅಂತ ಬರೆದದ್ದನ್ನು ಭಾರತಕ್ಕೆ ತರಿಸಬೇಡಿ ಮಾತ್ರ. ಕೈಯಲ್ಲಿ ಹಿಡಿದು ಲಿವರ್ ಎಳೆದು ನೋಡಲು ಆಗುವವರಿಗೆ ಆ ಬುಟ್ಟಿ.

ಮಲ್ಪೆ ಮಳೆ

ಎಲ್ಲ ಶಟರ್ ಶಟರ್ ಅಂತೀರಿ ಮಾರಾಯ್ರೆ, ನಮ್ಮ ಕಡೆ ಶಟರಿಗಿಂತ ಮೊದಲು ಹೋಗುವುದು ಲೆನ್ಸ್. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುತ್ತದೆ, ಇನ್ನು ಕ್ಯಾಮೆರಾ ಎಂತ ಮಾಡಬೇಕು? ಗಾಜಿನೊಳಗೆ ಜೇಡನ ಬಲೆ ತರ ಫಂಗಸ್ ಹಬ್ಬುತ್ತದೆ. ಹೊಸದಾದರೆ ಬಿಚ್ಚಿ ಒರೆಸಿದರೆ ಹೋಗುತ್ತದೆ. ಬಹಳ ದಿನ ಬಿಟ್ಟರೆ ಲೇಪವನ್ನೇ ತಿಂದುಬಿಡುತ್ತದೆ, ಆಮೇಲೆ ಯಾರು ಒರೆಸಿದರೂ ಕಲೆ ಉಳಿಯುತ್ತದೆ.

ಕ್ಯಾಮೆರಾ ಜೊತೆ ಚೆಂದದ ಚರ್ಮದ ಕೇಸ್ ಬಂದಿದ್ದರೆ ಅದನ್ನು ಬೇರೆ ಕಡೆ ಇಡಿ. ಚರ್ಮ ನೀರು ಹಿಡಿದಿಟ್ಟುಕೊಳ್ಳುತ್ತದೆ, ಫಂಗಸ್ಸಿಗೆ ಅದೇ ಮನೆ. ಗಾಳಿ ಹೋಗದ ಡಬ್ಬ, ಒಳಗೆ ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮೀಟರ್. 40ರಿಂದ 50 ಪರ್ಸೆಂಟ್ ಹತ್ತಿರ ಇದ್ದರೆ ಸಾಕು. ಅಕ್ಕಿಯಲ್ಲಿ ಹೂತಿಡಬೇಡಿ, ಅಕ್ಕಿಪುಡಿ ಒಳಗೆ ಹೋಗುತ್ತದೆ. ಕರಾವಳಿಯಿಂದ ಯಾರಾದರೂ ಮಾರುತ್ತಿದ್ದರೆ, ನಾನೂ ಸೇರಿ, ಮೊದಲು ಟಾರ್ಚ್ ಹಾಕಿ ಲೆನ್ಸ್ ನೋಡಿ.

ಮೊದಲ ರೀಲ್

ಮಲ್ಪೆ ಅಕ್ಕ, ಥ್ಯಾಂಕ್ಸ್. ಬರುವ ಭಾನುವಾರ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೆ ಬಜಾರಿಗೆ ಹೋಗೋಣ ಅಂತಿದ್ದೇನೆ. ಆನ್‌ಲೈನಿನಲ್ಲಿ ಕಂಡ ರಿಕೋ ಸಿಂಗ್ಲೆಕ್ಸ್ ಇಟ್ಟುಕೊಂಡವರೂ ಬೆಂಗಳೂರಿನವರೇ, ಬಂದು ನೋಡಿ ಅಂದಿದ್ದಾರೆ. ಮಾಮ, ಕೈಗೆ ತಗೊಂಡ ಕೂಡಲೇ ಏನು ನೋಡಲಿ? ಫಿಲ್ಮ್ ಹಾಕಿ ನೋಡಲಂತೂ ಆಗಲ್ಲ.

ಸ್ಕ್ರೂ ಮಾಮ

ಮೊದಲು ಸೆಲ್ ಹಾಕುವ ಮುಚ್ಚಳ ಬಿಚ್ಚಿ. ಅಲ್ಲಿ ಹಸಿರು, ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ. ಸ್ವಲ್ಪ ಇದ್ದರೆ ವಿನೆಗರ್ ಹಚ್ಚಿ ಕೆರೆದರೆ ಹೋಗುತ್ತದೆ. ವೈರು ತಿಂದಿದ್ದರೆ ಮೀಟರ್ ಮರೆತುಬಿಡಿ. ಮುಚ್ಚಳ ಬಿಚ್ಚಲು ಬರುವುದೇ ಇಲ್ಲ ಅಂದರೆ ಬೆಲೆ ಇಳಿಸಿ ಕೇಳಿ.

ಲೆನ್ಸ್ ಕಳಚಿ, ಹಿಂದಿನ ಬಾಗಿಲು ತೆಗೆಯಿರಿ. ಬೆಳಕಿನ ಕಡೆ ಹಿಡಿದು 1 ಸೆಕೆಂಡಿಗೆ ಇಟ್ಟು ಹೊಡೆಯಿರಿ. ಜ್ಜ್ಜ್ಜ್ ಅಂತ ಒಂದೇ ಸಮ ಸದ್ದು ಬರಬೇಕು. ನಡುವೆ ತಡವರಿಸಿದರೆ, ನಿಂತು ಮುಂದುವರಿದರೆ, ನಿಧಾನ ವೇಗದ ಚಕ್ರಗಳಲ್ಲಿ ಗ್ರೀಸು ಒಣಗಿದೆ. ಅದು ಭಯಪಡುವ ರೋಗವಲ್ಲ, ತೊಳೆದರೆ ಸರಿಹೋಗುತ್ತದೆ. ಆಮೇಲೆ 1/1000. ತಗಡುಗಳ ನಡುವೆ ಬೆಳಕು ಮಿಂಚಿದ್ದು ಫ್ರೇಮಿನ ಎರಡೂ ಅಂಚಿನಲ್ಲಿ ಕಾಣಬೇಕು. ಒಂದು ಕಡೆ ಕತ್ತಲೆ ಆದರೆ ಬೇಡ.

ಫೋನ್ ಇದೆಯಲ್ಲ, ಸ್ಲೋ ಮೋಷನ್ 240 ಫ್ರೇಮಿನಲ್ಲಿ ರೆಕಾರ್ಡ್ ಮಾಡಿ. 1/30 ಇಟ್ಟಾಗ ಶಟರ್ ಸುಮಾರು 8 ಫ್ರೇಮು ತೆರೆದಿರಬೇಕು, 1/15 ಆದರೆ 16. ಮೇಲಿನ ಸ್ಪೀಡುಗಳಿಗೆ ಫೋನ್ ಸಾಲದು, ಕೆಳಗಿನವಕ್ಕೆ ಧಾರಾಳ. ಮಾರುವವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಸ್ಕ್ರೂಗಳ ತಲೆ ನೋಡಿ. ಇದನ್ನು ಯಾರೂ ನೋಡುವುದಿಲ್ಲ. ಜಪಾನಿನ ಪ್ಲಸ್ ಸ್ಕ್ರೂ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರಲ್ಲ, ಅದಕ್ಕೆ ಜೆಐಎಸ್ ಅನ್ನುವ ಜಪಾನಿ ಅಳತೆ ಬೇರೆಯೇ ಇದೆ. ಸ್ಟಾರ್ ಹಾಕಿ ತಿರುಗಿಸಿದರೆ ಮೂತಿ ಜಾರಿ ತಲೆ ಸವೆಯುತ್ತದೆ. ಸವೆದ ತಲೆ ಕಂಡರೆ ಮೊದಲೇ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಲೆಕ್ಕ. ನಾನಾದರೆ ಓಡದ, ಯಾರೂ ಬಿಚ್ಚದ ಕ್ಯಾಮೆರಾ ತಗೊಳ್ಳುತ್ತೇನೆ. ಓಡುತ್ತಿರುವ, ಆದರೆ ಬಿಚ್ಚಿ ಕಟ್ಟಿದ್ದನ್ನು ಮುಟ್ಟಲ್ಲ.

ಬಾಗಿಲಿನ ಅಂಚಿನ ಸ್ಪಂಜು ಅಂಟಂಟಾಗಿರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲ ಹಳೇ ಕ್ಯಾಮೆರಾದಲ್ಲೂ ಹೋಗಿರುತ್ತದೆ.

ಬಟ್ಟೆ ಪರದೆ

ಮರ್ಕ್ಯುರಿ ಸೆಲ್ ವಿಷಯ ಮರೆತಿರಿ ಮಾಮ. ಈ ಕ್ಯಾಮೆರಾಗಳ ಮೀಟರ್ ಹೆಚ್ಚಿನವು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಮಾಡಿದವು. ಆ ಸೆಲ್ ಈಗ ಸಿಗುವುದಿಲ್ಲ. ಪಾದರಸ ಬಿಡಬೇಕು ಅಂತ 2013ರಲ್ಲಿ ಆದ ಜಾಗತಿಕ ಒಪ್ಪಂದಕ್ಕೆ ಜಪಾನಿನದೇ ಊರಿನ ಹೆಸರು, ಮಿನಾಮಾತಾ. ಮಾಮೂಲಿ 1.5 ವೋಲ್ಟ್ ಸೆಲ್ ಹಾಕಿದರೆ ಮೀಟರ್ ತಪ್ಪು ತೋರಿಸುತ್ತದೆ. ಮೆಡಿಕಲ್ ಶಾಪಿನಲ್ಲಿ ಕಿವಿ ಮಿಷನ್ನಿಗೆ ಹಾಕುವ 675 ನಂಬರ್ ಸೆಲ್ ಕೇಳಿ. 1.4 ವೋಲ್ಟ್, ಹತ್ತಿರ ಹತ್ತಿರ ಸರಿ. ಕೋನಿಕಾ ಆಟೊರಿಫ್ಲೆಕ್ಸ್ ಟಿಗೆ ಅಳತೆಯೂ ಸರಿಯಾಗಿ ಕೂರುತ್ತದೆ, ಎರಡು ಬೇಕು. 625 ಸೆಲ್ ಹಾಕುವ ಕ್ಯಾಮೆರಾ ಆದರೆ ಸುತ್ತ ಒಂದು ರಬ್ಬರ್ ರಿಂಗ್ ಹಾಕಿ. ಮೇಲಿನ ಸ್ಟಿಕರ್ ಕಿತ್ತ ಕೂಡಲೇ ಗಾಳಿ ತಗೊಂಡು ಸವೆಯಲು ಶುರುವಾಗುತ್ತದೆ, ಹಾಗಾಗಿ ಬಳಸುವ ದಿನವೇ ಕೀಳಿ.

ಇಲ್ಲದಿದ್ದರೆ ಮೀಟರೇ ಬೇಡ. ಚೆನ್ನಾಗಿ ಬಿಸಿಲಿದ್ದರೆ ಎಫ್ 16, ಫಿಲ್ಮ್ ಐಎಸ್‌ಒ 200 ಆದರೆ ಶಟರ್ 1/250. ನೆಗೆಟಿವ್ ಫಿಲ್ಮ್ ಸ್ವಲ್ಪ ಆಚೀಚೆ ತಡೆದುಕೊಳ್ಳುತ್ತದೆ.

ಮೊದಲ ರೀಲ್

ಅಪ್‌ಡೇಟ್. ರಿಕೋ ಸಿಂಗ್ಲೆಕ್ಸ್ ಟಿಎಲ್‌ಎಸ್ ಬಂತು ಮನೆಗೆ! ಬಜಾರಿನಲ್ಲಿ ಏನೂ ಸಿಗಲಿಲ್ಲ, ಹೋಗಿ ನೋಡಿದ ಕ್ಯಾಮೆರಾನೇ ತಂದೆ. ಸ್ಕ್ರೂ ತಲೆಗಳು ಹೊಸದರ ಹಾಗಿವೆ. 1/30ರಲ್ಲಿ 8 ಫ್ರೇಮು, ಒಂದು ಸಲ 9 ಬಂತು. 1 ಸೆಕೆಂಡ್ ಸ್ವಲ್ಪ ಎಳೆಯುತ್ತದೆ. ಮೀಟರ್ ಮುಳ್ಳು ಅಲುಗುತ್ತಿಲ್ಲ, ಅದಕ್ಕೇ ಬೆಲೆ ಇಳಿಸಿದರು. ಲೆನ್ಸಿಗೆ ಟಾರ್ಚ್ ಹಾಕಿ ನೋಡಿದೆ, ಶುಭ್ರ.

ಬಾಗಿಲಿನ ಸ್ಪಂಜು ಮತ್ತು ಕನ್ನಡಿ ಮೇಲೆ ಬಡಿಯುವ ಜಾಗದ ಸ್ಪಂಜು ಎರಡೂ ಟಾರಿನ ಹಾಗೆ ಆಗಿವೆ. ನಾನೇ ಬದಲಿಸಬಹುದಾ?

ಗುಜರಿ ಕಣ್ಣು

ಎಂ42 ಮೌಂಟ್, ಹಲವು ಕಂಪನಿಗಳ ಲೆನ್ಸ್ ತಿರುಗಿಸಿ ಕೂರಿಸಬಹುದು! ಇನ್ನು ಲೆನ್ಸ್ ಹುಚ್ಚು ಶುರು. ದೇವರು ಕಾಪಾಡಲಿ.

ಸ್ಕ್ರೂ ಮಾಮ

ಒಳ್ಳೆಯ ಮಾಲು ತಂದಿದ್ದೀರಿ. ಸ್ಪಂಜು ನೀವೇ ಬದಲಿಸಿ, ಮೆಕ್ಯಾನಿಕ್ ಬೇಡ. ಶಟರಿನ ಮೇಲೆ ಒಂದು ಪೇಪರ್ ತುಂಡು ಮುಚ್ಚಿ, ತಗಡಿಗೆ ತಾಗದ ಹಾಗೆ. ಹಳೆಯದನ್ನು ಹಲ್ಲುಕಡ್ಡಿಯಲ್ಲಿ ಕೆರೆಯಿರಿ, ಐಸೊಪ್ರೊಪೈಲ್ ಸ್ಪಿರಿಟ್ ಹಚ್ಚಿ ಒರೆಸಿ. ಒಂದು ಚೂರು ಟಾರು ಶಟರಿಗೆ ಬಿದ್ದರೆ ತಗಡು ಅಂಟಿಕೊಳ್ಳುತ್ತದೆ, ಆದ್ದರಿಂದ ಕ್ಯಾಮೆರಾನ ತಲೆಕೆಳಗೆ ಹಿಡಿದು ಕೆರೆಯಿರಿ. ಬಾಗಿಲು ಕೂರುವ ಸಣ್ಣ ತೋಡಿಗೆ ಕಪ್ಪು ಉಲ್ಲನ್ ದಾರ ಸಾಕು, ಒತ್ತಿ ಕೂರಿಸಿ. ಕೀಲಿನ ಕಡೆಗೆ ಮಾತ್ರ ಸ್ವಲ್ಪ ದಪ್ಪ ಪಟ್ಟಿ ಬೇಕು.

ಕನ್ನಡಿಯ ಮೇಲಿನದಕ್ಕೆ ಮೆತ್ತನೆ ಸ್ಪಂಜೇ ಬೇಕು, ದಾರ ಬೇಡ. ಹಳೆಯದು ಎಷ್ಟು ದಪ್ಪ ಇತ್ತೋ ಅಷ್ಟೇ. ಜಾಸ್ತಿ ದಪ್ಪ ಹಾಕಿದರೆ ಕನ್ನಡಿ ಪೂರ್ತಿ ಮೇಲೇಳುವುದಿಲ್ಲ, ಫ್ರೇಮಿನ ಒಂದು ಅಂಚು ಕತ್ತರಿಸಿದ ಹಾಗೆ ಬರುತ್ತದೆ. ಕನ್ನಡಿಯನ್ನು ಮಾತ್ರ ಬೆರಳಲ್ಲಾಗಲಿ ಬಟ್ಟೆಯಲ್ಲಾಗಲಿ ಒರೆಸಬೇಡಿ, ಹೊಳಪಿನ ಲೇಪ ಮೇಲೇ ಇರುತ್ತದೆ. ಗಾಳಿ ಊದುವ ರಬ್ಬರ್ ಪಂಪು ಸಾಕು.

1 ಸೆಕೆಂಡ್ ಎಳೆಯುವುದಕ್ಕೆ ಸದ್ಯ ಏನೂ ಮಾಡಬೇಡಿ. ಸಂಜೆ ಟಿವಿ ನೋಡುತ್ತಾ ಖಾಲಿ ಹೊಡೆಯುತ್ತಿರಿ, ಅಜ್ಜ ಹೇಳಿದ ಹಾಗೆ. ಹದಿನೈದು ದಿನ ಬಿಟ್ಟು ಮತ್ತೆ ಫೋನಲ್ಲಿ ಅಳೆದು ಇಲ್ಲಿ ಹಾಕಿ.

ಮೊದಲ ರೀಲ್

ಸರಿ ಮಾಮ. ಉಲ್ಲನ್ ದಾರ ಅಮ್ಮನ ಡಬ್ಬದಲ್ಲಿ ನೇವಿ ಬ್ಲೂ ಮಾತ್ರ ಇದೆ, ಓಡುತ್ತಾ?

ಸ್ಕ್ರೂ ಮಾಮ

ಕಪ್ಪೇ ತಗೊಳ್ಳಿ. ಇಪ್ಪತ್ತು ರೂಪಾಯಿಗೆ ಯಾಕೆ ಜಿಪುಣತನ.